ಮದುವೆ ಮನೆಯಲ್ಲಿ ಬಾಯಿ ಎಣಿಸುವ ಕೆಲಸ

ಆಹಾರ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನನ್ನು ನೋಡಲು ಬರುತ್ತಾರೆ. "ನೀವು ಸೇರಿದಾಗ ಏನ್ ಕೆಲಸ ಕೊಟ್ಟಿದ್ರು ಸಾರ್?" ಎಂದು ಕೇಳುತ್ತಾರೆ. "ಮದುವೆಗೆ ಹೋಗೋದು" ಎಂದರೆ ನಗುತ್ತಾರೆ. ನಾನು ತಮಾಷೆ ಮಾಡುತ್ತಿರುವುದಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಕಂಟೋನ್ಮೆಂಟಿನ ಮದುವೆ ಮನೆಗಳಿಗೆ ಹೋಗಿ, ಊಟಕ್ಕೆ ಕೂತವರ ಬಾಯಿ ಎಣಿಸಿ ಬರುವುದೇ ನನ್ನ ಉದ್ಯೋಗವಾಗಿತ್ತು. ಸಂಬಳ ಬರುತ್ತಿತ್ತು, ಸೈಕಲ್ ಭತ್ಯೆಯೂ ಬರುತ್ತಿತ್ತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬಿ.ಎ. ಪಾಸು ಮಾಡಿದವನು. ದೊಮ್ಮಲೂರಿನ ನಮ್ಮ ಕೇರಿಗೆ ಮೊದಲನೆಯವನು. ಅಪ್ಪ ಪಿಳ್ಳಪ್ಪ ಮಿಲಿಟರಿ ಅಧಿಕಾರಿಯೊಬ್ಬರ ಬಂಗಲೆಯಲ್ಲಿ ಮಾಲಿ. ಅಮ್ಮ ಹಲಸೂರಿನ ಮಾರ್ಕೆಟಿನಲ್ಲಿ ಸೊಪ್ಪು ಮಾರುತ್ತಿದ್ದಳು. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ದೊಮ್ಮಲೂರಿನಿಂದ ಕಾಲೇಜಿಗೆ ನಡೆದೇ ಹೋಗಿ ನಡೆದೇ ಬಂದು ಓದಿದ್ದೇನೆ. ಇದನ್ನು ಒಂದು ಸಲ ಹೇಳಿದರೆ ಸಾಕು ಅಂದುಕೊಂಡಿದ್ದೇನೆ. ಆದರೆ ಇನ್ನೊಮ್ಮೆ ಹೇಳಿದರೂ ಬೇಸರ ಮಾಡಿಕೊಳ್ಳಬೇಡಿ.

ಯುದ್ಧದ ಕಾಲ. ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಅಕ್ಕಿ, ರಾಗಿ, ಗೋಧಿ, ಸಕ್ಕರೆ ಎಲ್ಲಕ್ಕೂ ಕಾರ್ಡು. ಮದುವೆಯಲ್ಲಿ ಮನೆಯವರು, ಬೀಗರು, ಗಂಡು ಹೆಣ್ಣು ಎಲ್ಲ ಸೇರಿ ಐವತ್ತು ಜನಕ್ಕಿಂತ ಹೆಚ್ಚು ಮಂದಿಗೆ ಊಟ ಹಾಕುವಂತಿಲ್ಲ ಎಂದು ನಿಯಮ. ಆ ಐವತ್ತಕ್ಕೆ ಬೇಕಾದ ಅಕ್ಕಿಗೆ ನಮ್ಮ ಕಚೇರಿ ಪರ್ಮಿಟ್ ಕೊಡುತ್ತಿತ್ತು. ಕೊಟ್ಟ ಮೇಲೆ ನಮ್ಮಲ್ಲೊಬ್ಬ ಹೋಗಿ, ಐವತ್ತೊಂದನೆಯವನು ಕೂತಿಲ್ಲ ಎಂದು ಕಣ್ಣಾರೆ ನೋಡಿ ವರದಿ ಬರೆಯಬೇಕು. ಜನ ನಮ್ಮನ್ನು ಇನ್‌ಸ್ಪೆಕ್ಟರ್ ಅನ್ನುತ್ತಿರಲಿಲ್ಲ. "ಎಲೆ ಎಣ್ಸೋರು ಬಂದ್ರು" ಅನ್ನುತ್ತಿದ್ದರು.

ಆ ನಿಯಮ ನನಗೆ ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ರೇಷನ್ ಅಂಗಡಿಯ ಮುಂದೆ ಅಮ್ಮ ಅರ್ಧ ದಿನ ಚೀಲ ಹಿಡಿದು ನಿಂತು, ವ್ಯಾಪಾರ ಕಳೆದುಕೊಂಡು ಬರುತ್ತಿದ್ದುದನ್ನು ನೋಡಿದವನು ನಾನು. ಈಚೆಗೆ ಕಲ್ಯಾಣ ಮಂಟಪಗಳಲ್ಲಿ ಎಲೆಯ ಮೇಲೆ ಅರ್ಧಕ್ಕರ್ಧ ಬಿಟ್ಟು ಏಳುವವರನ್ನು ಕಂಡರೆ ನನ್ನ ಕೈ ತಾನಾಗಿ ಜೇಬಿನಲ್ಲಿ ಪೆನ್ಸಿಲ್ ಹುಡುಕುತ್ತದೆ. ಪಕ್ಕದಲ್ಲಿ ಕೂತ ಮೊಮ್ಮಗಳು ಮೊಣಕೈಯಿಂದ ತಿವಿಯುತ್ತಾಳೆ.

ನಮ್ಮ ಮೇಲಧಿಕಾರಿ ಮಾಣಿಕ್ಯಂ ಮೊದಲಿಯಾರರು ಹಲಸೂರಿನವರು. ಮೆಟ್ರಿಕ್ ದಾಟಿರಲಿಲ್ಲ. ತಮಿಳು, ಕನ್ನಡ, ದಖ್ಖನಿ, ಇಂಗ್ಲಿಷ್ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ನನಗೆ ಹೆಸರೇ ಇಲ್ಲವೇನೋ ಅನ್ನುವಂತೆ "ಏನ್ರೀ ಬಿ.ಎ." ಎಂದೇ ಕರೆಯುತ್ತಿದ್ದರು. ಅವರ ಮೇಜಿನ ಹಿಂದಿನ ಗೋಡೆಯಲ್ಲಿ ಮೂರು ಕ್ಯಾಲೆಂಡರು: ಪಂಚಾಂಗದ್ದು, ಮುಸಲ್ಮಾನರ ತಿಂಗಳುಗಳದ್ದು, ಇಗರ್ಜಿಯದ್ದು. ಮೊದಲ ದಿನವೇ ಅವುಗಳ ಕಡೆ ಕೈ ತೋರಿಸಿ ಹೇಳಿದರು. "ಬೇರೆಯವರಿಗೆ ಹಬ್ಬ, ನಮಗೆ ಡ್ಯೂಟಿ. ಯಾರು ಯಾವಾಗ ಮದುವೆ ಮಾಡಲ್ಲ ಅಂತ ತಿಳ್ಕೊಳ್ಳಿ, ಅದೇ ನಿಮ್ಮ ರಜ."

ಹಾಗೆ ನಾನು ಎಲ್ಲರ ಪದ್ಧತಿಯನ್ನೂ ಕಲಿತೆ. ಆಷಾಢದಲ್ಲಿ ನಮ್ಮವರು ಮಾಡುವುದಿಲ್ಲ, ಆಡಿ ತಿಂಗಳಲ್ಲಿ ತಮಿಳರು ಮಾಡುವುದಿಲ್ಲ, ಮೊಹರಂ, ರಂಜಾನ್ ತಿಂಗಳುಗಳಲ್ಲಿ ಮುಸಲ್ಮಾನರು ಮಾಡುವುದಿಲ್ಲ, ಈಸ್ಟರಿಗೆ ಮುಂಚಿನ ನಲವತ್ತು ದಿನ ಕ್ರೈಸ್ತರು ಮಾಡುವುದಿಲ್ಲ. ಆಷಾಢವೂ ಆಡಿಯೂ ರಂಜಾನೂ ಒಂದರ ಹಿಂದೊಂದು ಬಿದ್ದ ವರ್ಷ ನಮ್ಮ ಕಚೇರಿಯಲ್ಲಿ ಕೇರಂ ಬೋರ್ಡಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಇಷ್ಟು ಮಂದಿ ಒಟ್ಟಿಗೆ ಸುಮ್ಮನಿದ್ದ ಅಂಥ ತಿಂಗಳನ್ನು ನಾನು ಮತ್ತೆ ಕಂಡಿಲ್ಲ.

ನನ್ನ ಮೊದಲ ದೊಡ್ಡ ಪ್ರಮಾದ ನಡೆದದ್ದು ಈಗ ನೀವು ಶಿವಾಜಿನಗರ ಅನ್ನುವ ಬ್ಲ್ಯಾಕ್‌ಪಲ್ಲಿಯಲ್ಲಿ. ಬಟ್ಟೆ ವ್ಯಾಪಾರಿ ರಹೀಂ ಸೇಟರ ಮಗನ ಮದುವೆ. ಬಾಗಿಲಲ್ಲೇ ಪೇಚಿಗೆ ಸಿಕ್ಕಿದೆ. ಹೆಂಗಸರು ಕೂತ ಕಡೆ ನಾನು ಹೋಗುವಂತಿಲ್ಲ; ಹೋಗದೆ ಎಣಿಸುವುದು ಹೇಗೆ? ನಿಯಮ ಬರೆದವರು ಇದನ್ನು ಯೋಚಿಸಿರಲಿಲ್ಲ. ಬಿ.ಎ. ಓದಿದ ತಲೆ ಓಡಿತು.

"ಸೇಟ್ರೇ, ಜನ ಬೇಡ. ಊಟಕ್ಕೆ ಇಡೋ ತಾಟು ಎಣಿಸ್ತೀನಿ" ಎಂದೆ.

ಸೇಟರು ಒಂದು ಗಳಿಗೆ ನನ್ನ ಮುಖ ನೋಡಿದರು. "ತಾಟಾ? ಪಕ್ಕಾ ತಾಟೇನಾ ಬಾಬು?"

"ಹೌದು. ತಾಟು ಲೆಕ್ಕ ಸಿಕ್ಕರೆ ಜನರ ಲೆಕ್ಕ ಸಿಕ್ಕ ಹಾಗೇ."

"ಬಹುತ್ ಅಚ್ಛಾ" ಎಂದು ಅವರು ಕಲಾಯಿ ಹಾಕಿಸಿದ ತಾಟುಗಳನ್ನೆಲ್ಲ ಹೊರಗಿನ ಅಂಗಳಕ್ಕೆ ತರಿಸಿ, ನೆರಳಲ್ಲಿ ಕುರ್ಚಿ ಹಾಕಿಸಿ, ನನ್ನ ಮುಂದೆ ಜೋಡಿಸಿದರು. ನಲವತ್ತೆಂಟಿದ್ದವು. ಎರಡು ಸಲ ಎಣಿಸಿ, ಸಹಿ ಹಾಕಿ, ಹೆಮ್ಮೆಯಿಂದ ಸೈಕಲ್ ಹತ್ತಿದೆ.

ಮೊದಲಿಯಾರರು ವರದಿ ಓದಿ ಕೇಳಿದರು. "ತಾಟು ಎಷ್ಟು ದೊಡ್ಡದಿತ್ತು ಬಿ.ಎ.?"

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ತೋರಿಸುತ್ತಿರುವಾಗಲೇ ನನ್ನ ಕೈ ಅಲ್ಲೇ ನಿಂತುಹೋಯಿತು.

"ಅಷ್ಟು ದೊಡ್ಡ ತಾಟಲ್ಲಿ ಒಬ್ಬ ಕೂತು ತಿಂತಾನೇನ್ರೀ? ಆ ಮನೆತನದಲ್ಲಿ ಒಂದು ತಾಟಿನ ಸುತ್ತ ನಾಲ್ಕು ಜನ. ಕಂಟೋನ್ಮೆಂಟಲ್ಲಿ ಎಲ್ಲಾರಿಗೂ ಗೊತ್ತು. ಯಾವ ಕಾಲೇಜಲ್ಲಿ ಓದಿದ್ರಿ ನೀವು?"

ಕಚೇರಿಯೆಲ್ಲ ನಕ್ಕಿತು. ಮೋಸವಾಯಿತು ಎಂದು ನಾನು ಸೇಟರ ಅಂಗಡಿಗೆ ಹೋದರೆ ಅವರು ಸಮಾಧಾನವಾಗಿ ಬಟ್ಟೆ ಮಡಿಸುತ್ತ, "ನಾನೇನ್ ಸುಳ್ಳು ಹೇಳಿದ್ನಾ ಬಾಬು? ನೀವು ತಾಟು ಕೇಳಿದ್ರಿ, ತಾಟು ತೋರಿಸ್ದೆ. ಜನ ಕೇಳಿದ್ರೆ ಜನ ತೋರಿಸ್ತಿದ್ದೆ" ಎಂದರು. ಸೈಕಲ್ ತಿರುಗಿಸಿ ಕಚೇರಿಗೆ ಬಂದೆ.

ನಗು ಮುಗಿದ ಮೇಲೆ ಮೊದಲಿಯಾರರು ಬಾಗಿಲು ಮುಂದೆ ಮಾಡಿ, ಗಂಭೀರವಾಗಿ ಹೇಳಿದರು. "ನೀವಿನ್ನೂ ಪ್ರೊಬೇಷನ್ನಲ್ಲಿದೀರಿ. ಒಂದು ಸಲ ನಗ್ತೀನಿ. ಇನ್ನೊಂದು ಸಲ ಲೆಕ್ಕ ತಪ್ಪಿದ್ರೆ ನಾನು ಏನೂ ಮಾಡೋಕಾಗಲ್ಲ."

ಹೆದರಿದವನು ಬಿಗಿಯಾಗುತ್ತಾನೆ. ನಾನೂ ಆದೆ. ಮುಂದಿನ ತಿಂಗಳು ಜೋಗುಪಾಳ್ಯದ ಮದುವೆಯೊಂದರಲ್ಲಿ ಬಾಗಿಲಲ್ಲೇ ನಿಂತು, ಒಳಗೆ ಹೋದವರಿಗೆಲ್ಲ ಒಂದೊಂದು ಗೀಟು ಎಳೆದೆ. ಒಳಗಿದ್ದ ಮನೆಯವರನ್ನೂ ವಾಲಗದವರನ್ನೂ ಸೇರಿಸಿ ಐವತ್ತು ತುಂಬಿತು. ಐವತ್ತೊಂದನೆಯವಳಾಗಿ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ಕೈ ಅಡ್ಡ ಹಿಡಿದೆ.

"ನಾನ್ ಕಣಪ್ಪ, ಸೂಲಗಿತ್ತಿ. ಈ ಹುಡ್ಗೀನ ಈಚೆ ತಂದವಳೇ ನಾನು."

"ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಅಜ್ಜಿ."

ಹೆಸರು ಯಾಕಿರಲಿಲ್ಲ ಎಂದರೆ, ಪರ್ಮಿಟ್ಟಿಗಾಗಿ ಐವತ್ತು ಜನರ ಪಟ್ಟಿ ಬರೆಯಲು ಕೂತಾಗ ಪ್ರತಿ ಮನೆಯೂ ಮೊದಲು ಹೊಡೆದು ಹಾಕುತ್ತಿದ್ದುದು ಇಂಥ ಹೆಸರುಗಳನ್ನೇ. ಸೂಲಗಿತ್ತಿ, ಅಗಸ, ಕ್ಷೌರಿಕ, ಹೂ ತಂದು ಕೊಡುವವಳು. ತಲೆಮಾರುಗಳಿಂದ ಮದುವೆಯಲ್ಲಿ ಉಂಡವರು ಇವರು. ದೂರದ ಅಧಿಕಾರಿಗೆ ಎಲೆ ಉಳಿಯುತ್ತಿತ್ತು, ಇವರಿಗೆ ಇರುತ್ತಿರಲಿಲ್ಲ. ನೂರಾರು ಪಟ್ಟಿ ನೋಡಿದ್ದೇನೆ. ಒಂದು ಮನೆ ಯಾರನ್ನು ತನ್ನವರೆಂದು ಎಣಿಸುತ್ತದೆ ಎನ್ನುವುದು ಆ ಕಾಗದದಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಅಷ್ಟರಲ್ಲಿ ಮದುಮಗಳೇ ಎದ್ದು ಬಾಗಿಲಿಗೆ ಬಂದಳು. ಬಾಸಿಂಗ ಇನ್ನೂ ಹಣೆಯಲ್ಲಿತ್ತು.

"ಐವತ್ತರಲ್ಲಿ ನಾನೂ ಒಬ್ಬಳಲ್ವಾ ಸಾರ್?"

"ಹೌದು."

"ನಾನು ಊಟ ಮಾಡಲ್ಲ. ನನ್ನ ಎಲೆ ಅಜ್ಜಿಗೆ ಹಾಕ್ರಿ. ಆಯ್ತಾ ಲೆಕ್ಕ?"

ಲೆಕ್ಕ ಆಯಿತು. ಐವತ್ತೇ. ಅಜ್ಜಿ ಕೂತು ಉಂಡಳು, ಮದುಮಗ ತನ್ನ ಎಲೆಯ ಹೋಳಿಗೆಯನ್ನು ಮುರಿದು ಹೆಂಡತಿಯ ಕೈಗಿಟ್ಟ, ಅದಕ್ಕೆ ನಿಯಮವಿರಲಿಲ್ಲ. ಕಚೇರಿಗೆ ಬಂದು ಮೊದಲಿಯಾರರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಕಟ್ಟುನಿಟ್ಟು ಇರೋದು ಅಕ್ಕಿಗೆ ರೀ, ಮನುಷ್ಯರಿಗಲ್ಲ" ಎಂದಷ್ಟೇ ಹೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಇಷ್ಟು ಪಾಠ ಆದ ಮೇಲೆ ನನ್ನ ತಂಗಿ ಲಕ್ಷ್ಮಿಯ ಮದುವೆ ಬಂತು.

ಸಂಕ್ರಾಂತಿ ಕಳೆದು ಮಾಘ ಮಾಸ. ಗಂಡು ಹೊಸಕೋಟೆ ಕಡೆಯವನು, ಒಳ್ಳೆಯ ಜನ. ಒಂದು ಸಂಜೆ ಅಪ್ಪ ಬಂಗಲೆ ಕೆಲಸ ಮುಗಿಸಿ ಬಂದು, ಕಾಲು ತೊಳೆದು, ಕೇರಿಯೆಲ್ಲ ಸುತ್ತಿ ಮದುವೆಗೆ ಹೇಳಿ ಬಂದಿದ್ದೇನೆ ಎಂದ.

"ಎಷ್ಟು ಜನಕ್ಕೆ ಹೇಳಿದೀಯಪ್ಪ?"

"ಕೇರಿಗೆ."

"ಕೇರಿ ಅಂದ್ರೆ ಎಷ್ಟು?"

"ಕೇರಿ ಅಂದ್ರೆ ಕೇರಿ ಕಣೋ. ಅದ್ರಲ್ಲಿ ಎಷ್ಟು ಅಂತ ಬೇರೆ ಇರ್ತದಾ?"

ನಾನು ಪೆನ್ಸಿಲ್ ತೆಗೆದು ಮನೆ ಮನೆ ಲೆಕ್ಕ ಹಾಕಿದೆ. ಇನ್ನೂರು ದಾಟಿತು. ಕಾಯ್ದೆ ಏನೆಂದು ಅಪ್ಪನಿಗೆ ಹೇಳಿದೆ. ನನ್ನದೇ ಮನೆಯಾದ್ದರಿಂದ ಮೊದಲಿಯಾರರು ತಾವೇ ಎಣಿಸಲು ಬರುತ್ತಾರೆ, ಐವತ್ತು ದಾಟಿದರೆ ನನ್ನ ಕೆಲಸ ಹೋಗುತ್ತದೆ ಎಂದೆ.

ಅಪ್ಪ ಕೂಗಾಡಲಿಲ್ಲ. "ನಾಲ್ಕು ವರ್ಷ ನಿನ್ನ ದೀಪಕ್ಕೆ ಸೀಮೆಎಣ್ಣೆ ಎಲ್ಲಿಂದ ಬಂತು? ದಿನಕ್ಕೊಂದು ಮನೆಯಿಂದ. ನೀನು ಕಾಲೇಜಿಗೆ ಹಾಕ್ಕೊಂಡು ಹೋದ ಕೋಟು ಯಾರು ಹೊಲಿದಿದ್ದು? ಚಿನ್ನಪ್ಪ, ದುಡ್ಡು ತಗೊಳ್ದೆ. ನೀನು ಪಾಸಾದ ದಿನ ಅವರೆಲ್ಲರ ಮುಂದೆ ನಿಂತು ಹೇಳಿದೀನಿ, ಲಚ್ಮಿ ಮದ್ವೇಲಿ ನಿಮಗೆಲ್ಲ ನನ್ನ ಕೈಯಾರೆ ಬಡಿಸ್ತೀನಿ ಅಂತ. ಐವತ್ತು ದಾಟಿದ್ರೆ ನಿನ್ನ ಕೆಲಸ ಹೋಗ್ತದೆ. ದಾಟದಿದ್ರೆ ನನ್ನ ಮಾತು ಹೋಗ್ತದೆ. ಯಾವ್ದು ಹೋಗ್ಲಿ, ನೀನೇ ಹೇಳು. ಓದಿದೋನು."

ಆಮೇಲೆ ನಮ್ಮಿಬ್ಬರಿಗೆ ಮಾತಿಲ್ಲ. ಆ ಮನೆಯಲ್ಲಿ ದೊಡ್ಡ ಸಂಬಳ ತರುವವನು ನಾನು, ಅದು ಹೋದರೆ ಮದುವೆಯ ಮರುದಿನದಿಂದಲೇ ಕಷ್ಟ. ಕೇರಿಯಲ್ಲಿ ಅಪ್ಪನ ಮಾತು ಹೋದರೆ ಅವನು ತಲೆಯೆತ್ತಿ ನಡೆಯುವುದಿಲ್ಲ. ಎರಡೂ ನನಗೆ ಗೊತ್ತಿತ್ತು. ನಿಯಮದ ಕಾಗದವನ್ನು ಎಷ್ಟು ಸಲ ಓದಿದೆನೋ. ಮಡಿಕೆಯ ಹತ್ತಿರ ಹರಿದುಹೋಯಿತು.

ಮದುವೆಗೆ ಎಂಟು ದಿನ ಇತ್ತು. ಲಕ್ಷ್ಮಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆ ಕೇಳಿದಳು.

"ಅಣ್ಣ, ಅಕ್ಕಿಗೆ ರೇಷನ್ ಇದೆ. ರಾಗಿಗೂ ಇದೆ. ಅವರೆಕಾಯಿಗೆ ಇದ್ಯಾ?"

"ಇಲ್ಲ."

"ಬದನೇಕಾಯಿ, ಕೊತ್ತಂಬ್ರಿ, ತೆಂಗಿನಕಾಯಿಗೆ?"

"ಇಲ್ಲ."

"ಹಂಗಾದ್ರೆ ಸಾರಿಗೆ ರೇಷನ್ ಇಲ್ಲ ಅಂತಾಯ್ತು."

ಅವಳು ಮೂರನೇ ತರಗತಿಗೆ ಶಾಲೆ ಬಿಟ್ಟವಳು. ನಾನು ಅವಳ ಪಕ್ಕ ಕೂತೆ. ಅವಳೇ ಬಿಡಿಸಿ ಹೇಳಿದಳು: ಐವತ್ತು ಎಲೆಯ ಅನ್ನ ಚಪ್ಪರದೊಳಗೆ, ಬೀಗರಿಗೆ. ಕೇರಿಯವರು ಹೊರಗೆ ಬೀದಿಯಲ್ಲಿ ಸಾಲಾಗಿ ಕೂರಲಿ. ಅವರವರ ಕಾರ್ಡಿನ ರಾಗಿಯಲ್ಲಿ ಅವರವರ ಮನೆಯಲ್ಲೇ ಮುದ್ದೆ ಮಾಡಿ ತರಲಿ. ಸಾರು ನಮ್ಮದು, ಬಡಿಸುವ ಕೈ ಅಪ್ಪನದು.

ನಾನು ಕಾಗದವನ್ನು ಮತ್ತೆ ಓದಿದೆ. ತನ್ನ ಮನೆಯ ಮುದ್ದೆಯನ್ನು ತಾನೇ ತಿನ್ನುವವನನ್ನು ತಡೆಯುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಆದರೆ ಅಪ್ಪ ಒಪ್ಪಲಿಲ್ಲ. "ಮದ್ವೆಗೆ ಕರ್ದು, ನಿನ್ನ ಮುದ್ದೆ ನೀನೇ ತಗೊಂಡ್ ಬಾ ಅನ್ನೋದಾ? ಯಾವ ಸೀಮೆ ಮದ್ವೆನೋ ಇದು" ಎಂದು ಲಕ್ಷ್ಮಿಗೆ ಹೇಳಿ ಹಿತ್ತಲಿಗೆ ಹೋಗಿ ಕೂತ. ಅವನನ್ನು ದೂರಲಾರೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ.

"ನೀನೇ ಹೋಗಿ ಕೇಳಣ್ಣ" ಎಂದಳು ಲಕ್ಷ್ಮಿ. "ಬಿ.ಎ. ಓದಿದೀಯ, ನಾಲ್ಕು ಮನೆ ಬಾಗ್ಲಲ್ಲಿ ನಿಂತು ಮುದ್ದೆ ಕೇಳೋಕೆ ಬರಲ್ವಾ?"

ಬರಲಿಲ್ಲ, ನಿಜ ಹೇಳುತ್ತೇನೆ. ಕೇರಿಯಲ್ಲಿ ಎಲ್ಲರೂ ನನ್ನನ್ನು ಆಫೀಸರು ಎಂದು ಕರೆಯತೊಡಗಿದ್ದರು, ನನಗೂ ಅದು ಹಿತವಾಗಿತ್ತು. ಆದರೂ ಹೋದೆ. ಮೊದಲು ಚಿನ್ನಪ್ಪನ ಮನೆ. ಅವನು ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ತಡವರಿಸುತ್ತ ವಿಷಯ ಹೇಳಿದೆ. ಪೆಡಲು ತುಳಿಯುವುದನ್ನು ನಿಲ್ಲಿಸಿದ.

"ಮುದ್ದೆ ನಮ್ದಾ?"

"ಹೂಂ ಚಿನ್ನಪ್ಪಣ್ಣ."

"ಸಾರು?"

"ನಮ್ದು."

"ಏನ್ ಸಾರು?"

"ಹಿತಕಿದ ಅವರೆಬೇಳೆ."

"ಅದನ್ನ ಮೊದ್ಲು ಹೇಳೋದಲ್ವೇನೋ. ಇಷ್ಟೊತ್ತು ಯಾರೋ ಸತ್ತೋರ ಸುದ್ದಿ ಹೇಳೋನಂಗೆ ನಿಂತಿದೀಯ. ಎರಡು ಮುದ್ದೆ ತರ್ತೀನಿ ಹೋಗು."

ಮುಂದಿನ ಮನೆ ಅಕ್ಕಯ್ಯಮ್ಮನದು. ಕೇರಿಗೆಲ್ಲ ಹಿರಿಯಳು, ನಾಲಿಗೆ ಚೂಪು. ಪೂರ್ತಿ ಕೇಳಿಸಿಕೊಂಡು, "ಇಷ್ಟು ವರ್ಷ ಒಂದೇ ಬೀದೀಲಿದೀವಿ, ಯಾರ ಮನೆ ಮುದ್ದೆ ಹೆಂಗಿರ್ತದೆ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲಾರೂ ತಂದಿಡ್ಲಿ, ನೋಡೇ ಬಿಡೋಣ" ಎಂದು ಸೆರಗು ಕಟ್ಟಿದಳು. ಅಲ್ಲಿಂದಾಚೆಗೆ ನಾನು ಕೇಳುವುದೇ ಬೇಕಾಗಲಿಲ್ಲ. ನನಗಿಂತ ಮುಂಚೆ ಸುದ್ದಿ ಓಡಿತ್ತು. ಹೆಂಗಸರು ಬಾಗಿಲಿಗೆ ಬಂದು, ಎಷ್ಟು ಗಾತ್ರ, ಎಷ್ಟು ಹೊತ್ತಿಗೆ, ಬಿಸಿ ಆರದಂತೆ ಯಾವ ಬಟ್ಟೆ ಎಂದು ನನ್ನನ್ನೇ ವಿಚಾರಿಸಿದರು.

ಮದುವೆಯ ದಿನ ಮುಹೂರ್ತ ಮುಗಿದು ಊಟದ ಹೊತ್ತಿಗೆ ಸರಿಯಾಗಿ ಮೊದಲಿಯಾರರು ಸೈಕಲ್ ಇಳಿದರು. ಚಪ್ಪರದೊಳಗೆ ಹೋಗಿ ಎಲೆ ಎಣಿಸಿದರು. ಐವತ್ತು. ಹೊರಗೆ ಬಂದವರು ಹಾಗೇ ನಿಂತರು. ಬೀದಿಯ ಎರಡೂ ಬದಿಗೆ, ನಮ್ಮ ಮನೆಯಿಂದ ಬಾವಿಯವರೆಗೆ, ಜನ ತಮ್ಮ ತಮ್ಮ ತಟ್ಟೆಯ ಮುಂದೆ ಕೂತಿದ್ದರು. ಪ್ರತಿ ತಟ್ಟೆಯ ಮೇಲೂ ಒದ್ದೆ ಬಟ್ಟೆ ಮುಚ್ಚಿತ್ತು.

"ಇವರೆಲ್ಲ ಯಾರ್ರೀ ಬಿ.ಎ.?"

"ಕೇರಿಯವರು ಸಾರ್. ಅವರವರ ಮನೆ ಮುದ್ದೆ ತಿನ್ನೋಕೆ ಕೂತಿದಾರೆ."

"ಬೀದೀಲಿ?"

"ಬೀದಿ ಅವರದೇ ಸಾರ್."

"ಸಾರು ಯಾರದು?"

"ನಮ್ದು. ಸಾರಿಗೆ ರೇಷನ್ ಇಲ್ಲ."

ಅವರು ನಗಲಿಲ್ಲ. ಒಂದು ಸಲ ತಾಟು ಎಣಿಸಿ ಬಂದವನು ನಾನು. ನನ್ನ ಮಾತನ್ನು ಅವರು ಸುಮ್ಮನೆ ನಂಬಬೇಕಾಗಿರಲಿಲ್ಲ. "ನೀವೇ ರಾಗಿ ತರಿಸಿ ಮಾಡಿಸಿಲ್ಲ ಅಂತ ಏನು ಗ್ಯಾರಂಟಿ?" ಎಂದು ಸಾಲಿನುದ್ದಕ್ಕೂ ನಡೆಯತೊಡಗಿದರು. ಒಂದೊಂದು ಬಟ್ಟೆ ಎತ್ತಿಸಿ ನೋಡಿದರು. ನಾನು ಹಿಂದೆ ಹಿಂದೆ ನಡೆದೆ. ಒಂದು ಮನೆಯದು ಕಿತ್ತಳೆಯಷ್ಟು, ಇನ್ನೊಂದರದು ತೆಂಗಿನಕಾಯಿಯಷ್ಟು. ಒಂದು ಕಪ್ಪು, ಒಂದು ಕೆಂಪಗೆ. ಒಂದು ಗುಂಡಗೆ, ಒಂದು ಕೂತಲ್ಲೇ ಚಪ್ಪಟೆಯಾದದ್ದು. ಬಾವಿಯವರೆಗೆ ಹೋಗಿ ತಿರುಗಿದರು.

"ಒಬ್ಬ ಅಡುಗೆಯವನು ಕಟ್ಟಿದ್ರೆ ಎಲ್ಲಾ ಒಂದೇ ಅಳತೆ ಇರ್ತಿತ್ತು. ಇಲ್ಲಿ ಒಂದಕ್ಕೊಂದು ಸಂಬಂಧ ಇಲ್ಲ" ಎಂದು ಪುಸ್ತಕ ತೆರೆದು, ನನಗೂ ಕಾಣುವಂತೆ ಬರೆದರು: ಅತಿಥಿಗಳು ಐವತ್ತು, ನಿಯಮದಂತೆ ಇದೆ. ಕೆಳಗೆ ಸಹಿ. ನನ್ನ ಕೆಲಸ ಉಳಿಯಿತು. ಅದು ಆಮೇಲೆ ಖಾಯಂ ಆದದ್ದು, ಮೇಲೆ ಮೇಲೆ ಹೋದದ್ದು ಎಲ್ಲ ಇಲ್ಲಿ ಬೇಡ.

ಅಷ್ಟರಲ್ಲಿ ಚಪ್ಪರದೊಳಗಿಂದ ಬೀಗರು, ಗಂಡಿನ ತಂದೆ, ಕೈಯಲ್ಲಿ ಎಲೆ ಹಿಡಿದುಕೊಂಡೇ ಹೊರಗೆ ಬಂದರು. ಏನೋ ಕೊರತೆಯಾಯಿತೆಂದು ಅಮ್ಮ ಗಾಬರಿಯಾದಳು. "ಒಳಗೆ ಅನ್ನ ಬಡಿಸ್ತೀರಿ, ಹೊರಗೆ ಅವರೆಬೇಳೆ ಸಾರಿಗೆ ಮುದ್ದೆ ತಿಂತೀರಿ. ಇದೇನ್ರಮ್ಮ ನ್ಯಾಯ?" ಎಂದು ಚಿನ್ನಪ್ಪನ ಪಕ್ಕ ಕೂತೇಬಿಟ್ಟರು. ಚಿನ್ನಪ್ಪ ತನ್ನ ಎರಡನೇ ಮುದ್ದೆಯನ್ನು ಅವರ ಎಲೆಗೆ ದಾಟಿಸಿದ. ಅವರ ಹಿಂದೆ ಇನ್ನೂ ಕೆಲವರು ಎದ್ದು ಬಂದರು. ಮೊದಲಿಯಾರರು ಪುಸ್ತಕ ಮುಚ್ಚಿ ಜೇಬಿಗಿಟ್ಟು, "ನಾನು ಎಣಿಸಿ ಆಯ್ತು, ಇನ್ನು ನೋಡಲ್ಲ" ಎಂದರು.

ಎಲ್ಲ ಕೂತಿದ್ದರು, ಸಾರು ಮಾತ್ರ ಬಂದಿರಲಿಲ್ಲ. ಬಡಿಸಬೇಕಾದವನು ಹಿತ್ತಲಲ್ಲಿದ್ದ. ಬೆಳಿಗ್ಗೆ ಧಾರೆಯೆರೆದು ಹೋದವನು ಬೀದಿಯ ಕಡೆ ಮುಖ ಹಾಕಿರಲಿಲ್ಲ. ನಾನು ಕರೆಯಲು ಹೊರಟೆ, ಅಕ್ಕಯ್ಯಮ್ಮ ಕೂತಲ್ಲಿಂದಲೇ ದನಿ ಎತ್ತಿದಳು.

"ಪಿಳ್ಳಪ್ಪಾ, ಮುದ್ದೆ ಆರ್ತಾ ಇದೆ. ಬಡಿಸ್ತೀನಿ ಅಂದೋನು ನೀನು ತಾನೆ?"

ಅಪ್ಪ ಬಂದ. ತಲೆಗೆ ಹೊಸ ಪೇಟ, ಒಂದು ಕೈಯಲ್ಲಿ ಸಾರಿನ ಬಕೆಟ್ಟು, ಇನ್ನೊಂದರಲ್ಲಿ ಸೌಟು. ಮೊದಲ ತಟ್ಟೆಗೆ ಅರ್ಧ ಸೌಟು ಹಾಕಿದ. ಎರಡನೆಯದಕ್ಕೆ ಪೂರ್ತಿ ಸೌಟು. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಕರೆದು, ಸಾಕು ಅಂದರೂ ಬಿಡದೆ, ಬಾವಿಯವರೆಗೆ ಬಗ್ಗಿ ಬಗ್ಗಿ ಬಡಿಸಿಕೊಂಡು ಹೋದ. ಸೌಟನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಹಿಂದಿರುಗಿ ಬಂದಾಗ ನಾನು ಗೋಡೆಗೊರಗಿ ನಿಂತಿದ್ದೆ. ಅಷ್ಟು ದಿನದ ಮೇಲೆ ನನ್ನ ಜೊತೆ ಮಾತಾಡಿದ.

"ನೀನ್ಯಾಕೆ ನಿಂತಿದೀಯ? ಎಲೆ ಎಲ್ಲಿ?"

"ಐವತ್ತು ದಾಟಬಾರ್ದು ಅಂತ ನನ್ನ ಹೆಸರು ತೆಗ್ದೆ ಅಪ್ಪ. ಒಳಗೆ ಎಲೆ ಇಲ್ಲ."

"ಮುದ್ದೆ?"

"ಅದೂ ಇಲ್ಲ. ಮರ್ತೆ."

ಅಪ್ಪ ಸೌಟು ಹಿಡಿದ ಕೈಯನ್ನೇ ಸೊಂಟಕ್ಕಿಟ್ಟು ಸಾಲಿನ ಕಡೆ ತಿರುಗಿದ. "ನೋಡ್ರಪ್ಪ. ಊರಿಗೆಲ್ಲ ಮುದ್ದೆ ತನ್ನಿ ಅಂತ ಸಾರ್ಕೊಂಡ್ ಬಂದೋನು ತಾನೇ ತಂದಿಲ್ಲ. ಇವನು ಬಿ.ಎ."

ಬೀದಿಯೆಲ್ಲ ನಕ್ಕಿತು, ಮೊದಲಿಯಾರರು ಎಲ್ಲರಿಗಿಂತ ಜೋರಾಗಿ. ಯಾರೋ ಒಂದು ತಟ್ಟೆ ಮುಂದೆ ಮಾಡಿದರು. ಅದು ಕೈಯಿಂದ ಕೈಗೆ ಸಾಗಿತು. ದಾರಿಯಲ್ಲಿ ಒಬ್ಬೊಬ್ಬರು ತಮ್ಮ ಮುದ್ದೆಯಲ್ಲಿ ಒಂದೊಂದು ತುಂಡು ಮುರಿದು ಹಾಕಿದರು. ತಟ್ಟೆ ನನ್ನ ಹತ್ತಿರ ಬರುವ ಹೊತ್ತಿಗೆ ಹನ್ನೊಂದು ತುಂಡುಗಳಿದ್ದವು. ಎಣಿಸಿದೆ, ಅಭ್ಯಾಸ. ಅವುಗಳಲ್ಲಿ ಮೂರು ತುಂಡು ಕೊಟ್ಟ ಮನೆಯವರು, ಜಾತಿ ಬೇರೆಯೆಂದು, ಅದುವರೆಗೆ ನಮ್ಮ ಪಂಕ್ತಿಯಲ್ಲಿ ಕೂತು ಉಂಡವರೇ ಅಲ್ಲ. ಅದನ್ನು ಯಾರೂ ಆಡಲಿಲ್ಲ. ಅಪ್ಪ ಮೇಲಿನಿಂದ ಎರಡು ಸೌಟು ಸಾರು ಸುರಿದು, ನಾನು ಮೊದಲ ತುತ್ತು ನುಂಗುವವರೆಗೂ ಎದುರಿಗೇ ನಿಂತಿದ್ದ.

ನನ್ನ ಕಣ್ಣೆದುರೇ ತಟ್ಟೆಗೆ ಬಿದ್ದ ಒಂದು ತುಂಡಿನಲ್ಲಿ ಗಂಟಿತ್ತು. ನುಂಗುವಾಗ ಗಂಟಲಿಗೆ ಸಿಕ್ಕಿ ನಾನು ಕೆಮ್ಮಿದ್ದನ್ನು ಅಕ್ಕಯ್ಯಮ್ಮ ನೋಡಿಬಿಟ್ಟಳು. ಅಂದಿನಿಂದ ತಾನು ಬದುಕಿರುವವರೆಗೂ ಸಿಕ್ಕ ಸಿಕ್ಕಲ್ಲೆಲ್ಲ ಹಿಡಿದು ನಿಲ್ಲಿಸಿ ಕೇಳುತ್ತಿದ್ದಳು. "ಹೇಳೋ, ಅವತ್ತು ಯಾರ ಮನೆ ಮುದ್ದೇಲಿ ಗಂಟಿತ್ತು?" ನಾನು ಬಾಯಿ ಬಿಡಲಿಲ್ಲ. ಅದು ಅವಳದೇ.